ಎರಕದಲ್ಲಿ ನಿಂತ ನೂರು ವರ್ಷ: ಶಿಲ್ಪಿ ರಾಮ ಸುತಾರ ಮತ್ತು ನಮ್ಮೂರ ವೃತ್ತದ ಪುತ್ಥಳಿ

ಸಾರ್ವಜನಿಕ ಸ್ಥಳಗಳಲ್ಲಿ ಮಹಾಪುರುಷರ ಪುತ್ಥಳಿಗಳನ್ನು ಪ್ರತಿಷ್ಠಾಪಿಸುವ ಕಾರ್ಯದಲ್ಲಿ ನಮ್ಮ ಭಾಗದ ವರ್ತಕರ ಪಾಲು ಸಣ್ಣದಲ್ಲ. ಊರಿನಲ್ಲಿ ಸಮಿತಿ ರಚನೆಯಾದೊಡನೆ ರಸೀದಿ ಪುಸ್ತಕ ಮೊದಲು ಬರುವುದು ಅಂಗಡಿಯ ಗಲ್ಲೆಗೇ. ನಾವು ಕೊಡುತ್ತೇವೆ, ಅನಾವರಣದ ದಿನ ವೇದಿಕೆಯ ಮುಂದೆ ಕುಳಿತು ಚಪ್ಪಾಳೆ ತಟ್ಟುತ್ತೇವೆ, ಮರಳಿ ಅಂಗಡಿಗೆ ಬರುತ್ತೇವೆ. ಶೇಂಗಾದ ಒಂದು ಚೀಲವನ್ನೂ ಕೈಹಾಕಿ ನೋಡದೆ ಕೊಳ್ಳದ ನಾವು, ಪುತ್ಥಳಿಯ ವಿಷಯದಲ್ಲಿ ಮಾತ್ರ ಕೊಂಡದ್ದು ಏನು ಎಂದು ಕೇಳುವುದಿಲ್ಲ.

ಈ ಮಾತನ್ನು ಬೇರೆಯವರ ಮೇಲೆ ಹೊರಿಸಿ ಬರೆಯುತ್ತಿಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ ನಾನೇ ಸದಸ್ಯನಾಗಿದ್ದ ಒಂದು ಸಮಿತಿಯು ಪಂಚಲೋಹದ್ದೆಂದು ನಂಬಿ ಒಂದು ಮೂರ್ತಿಯನ್ನು ತರಿಸಿತು. ಮೂರನೆಯ ಮಳೆಗಾಲಕ್ಕೆ ಅದರ ಹೆಗಲಿನ ಮೇಲಿನ ಬಣ್ಣ ಸುಲಿದು, ಒಳಗಿನ ಗಾಜಿನ ನಾರು ಹೊರಗೆ ಕಾಣಿಸಿತು. ಆ ಊರಿನ ಹೆಸರನ್ನಾಗಲಿ, ಮಾಡಿಕೊಟ್ಟವರ ಹೆಸರನ್ನಾಗಲಿ ಇಲ್ಲಿ ಬರೆಯುವುದು ಉಚಿತವಲ್ಲ. ತಪ್ಪು ನಮ್ಮದೂ ಇತ್ತು. ಮೂರ್ತಿ ಬಂದಿಳಿದ ದಿನ ಪೂಜೆ ಮಾಡಿಸಿದೆವು, ತೂಕ ಮಾಡಿಸಲಿಲ್ಲ.

2025ರ ಡಿಸೆಂಬರ್ 17ರಂದು ನಾಡಿನ ಹಿರಿಯ ಶಿಲ್ಪಿ ರಾಮ ವಂಜಿ ಸುತಾರರು ತಮ್ಮ ನೂರನೆಯ ವಯಸ್ಸಿನಲ್ಲಿ ನೋಯ್ಡಾದ ನಿವಾಸದಲ್ಲಿ ನಿಧನರಾದರು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ವಾರದಲ್ಲಿಯೇ ಪುರ್ತಗೇರಿಯ ನಾಲ್ವರು ಹಿರಿಯರು ಗಜೇಂದ್ರಗಡದ ನನ್ನ ಅಂಗಡಿಗೆ ಬಂದರು. ಊರಿನಲ್ಲಿ ಬಸವಣ್ಣನವರ ಪುತ್ಥಳಿಯನ್ನು ನಿಲ್ಲಿಸಬೇಕೆಂಬುದು ಅವರ ಸಂಕಲ್ಪ. ಕೈಯಲ್ಲಿ ಎರಡು ದರಪಟ್ಟಿಗಳಿದ್ದವು. ಒಂದು, ಹದಿನೈದು ಅಡಿ ಎತ್ತರದ, ಕಂಚಿನ ಬಣ್ಣ ಬಳಿದ ನಾರುಗಾಜಿನ ಮೂರ್ತಿಗೆ. ಇನ್ನೊಂದು, ಆರು ಅಡಿ ಎತ್ತರದ ನಿಜವಾದ ಕಂಚಿನ ಮೂರ್ತಿಗೆ. ಹಣ ಹೆಚ್ಚು ಕಡಿಮೆ ಒಂದೇ. ಯಾವುದನ್ನು ಒಪ್ಪಬೇಕೆಂದು ಅವರು ಕೇಳಿದಾಗ ನಾನು ಉತ್ತರಿಸಲು ಒಂದು ವಾರದ ಅವಧಿ ಕೇಳಿಕೊಂಡೆ. ಆ ವಾರ ಓದಿ ತಿಳಿದದ್ದರ ಮತ್ತು ಲೆಕ್ಕ ಹಾಕಿದ್ದರ ಫಲವೇ ಈ ಲೇಖನ.

ಬಡಿಗನ ಮಗ

ಸುತಾರ ಎಂಬ ಅಡ್ಡಹೆಸರು ಉತ್ತರ ಕರ್ನಾಟಕದವರಿಗೆ ಹೊಸದಲ್ಲ. ಸೂತ್ರಧಾರ ಎಂಬ ಪದದಿಂದ ಬಂದ, ನೂಲು ಹಿಡಿದು ಮರ ಅಳೆಯುವ ಬಡಿಗನ ಹೆಸರು ಅದು. ರಾಮ ಸುತಾರರು ಹುಟ್ಟಿದ್ದು 1925ರ ಫೆಬ್ರುವರಿ 19ರಂದು, ಮಹಾರಾಷ್ಟ್ರದ ಧುಳೆ ಜಿಲ್ಲೆಯ ಗೊಂದೂರ ಎಂಬ ಹಳ್ಳಿಯ ಬಡ ಬಡಿಗರ ಮನೆಯಲ್ಲಿ. ಬಾಲಕನ ಕೈಗುಣವನ್ನು ಗುರುತಿಸಿದವರು ಅವರ ಗುರು ಶ್ರೀರಾಮಕೃಷ್ಣ ಜೋಶಿಯವರು. ಅವರ ಪ್ರೇರಣೆಯಿಂದ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯನ್ನು ಸೇರಿದ ಸುತಾರರು 1953ರಲ್ಲಿ ಮೂರ್ತಿರಚನೆಗಾಗಿ ಮೇಯೊ ಚಿನ್ನದ ಪದಕವನ್ನು ಪಡೆದರು.

ಮುಂದಿನ ನಾಲ್ಕು ವರ್ಷ ಅವರು ಔರಂಗಾಬಾದಿನಲ್ಲಿ ಪುರಾತತ್ತ್ವ ಇಲಾಖೆಯ ನೌಕರಿಯಲ್ಲಿದ್ದರು. 1954ರಿಂದ 1958ರವರೆಗೆ ಅಜಂತಾ ಮತ್ತು ಎಲ್ಲೋರಾದ ಭಗ್ನಗೊಂಡ ಶಿಲ್ಪಗಳ ಜೀರ್ಣೋದ್ಧಾರವೇ ಅವರ ಕೆಲಸ. ಎಲ್ಲೋರಾದ ಕೈಲಾಸ ದೇವಾಲಯವನ್ನು ಕಡೆಯಿಸಿದವರು ನಮ್ಮ ರಾಷ್ಟ್ರಕೂಟರೆಂಬುದನ್ನು ಕನ್ನಡ ಓದುಗರಿಗೆ ನೆನಪಿಸಬೇಕಾಗಿಲ್ಲ. ಒಂದಿಡೀ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡೆದು ದೇವಾಲಯ ಮಾಡಿದ ಆ ಸ್ಥಳದಲ್ಲಿ, ಮುರಿದ ಮೂಗು ಬೆರಳುಗಳನ್ನು ಮೂಲಕ್ಕೆ ಹೊಂದುವಂತೆ ಕೂಡಿಸುವ ಕೆಲಸವನ್ನು ನಾಲ್ಕು ವರ್ಷ ಮಾಡಿದವನಿಗೆ ದೊಡ್ಡ ಪ್ರಮಾಣದ ಭಯ ಉಳಿಯದಿರುವುದು ಸಹಜ. ಅವರ ಮುಂದಿನ ಜೀವನವನ್ನು ನೋಡಿದರೆ ಕಲಾಶಾಲೆಗಿಂತ ಈ ನೌಕರಿಯೇ ಅವರ ನಿಜವಾದ ಶಾಲೆಯಾಗಿತ್ತೆಂದು ನನಗೆ ತೋರುತ್ತದೆ.

1958ರಲ್ಲಿ ದೆಹಲಿಗೆ ಬಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಇಲಾಖೆಯ ಜಾಹೀರಾತು ನಿರ್ದೇಶನಾಲಯದಲ್ಲಿ ಕೆಲಕಾಲ ತಾಂತ್ರಿಕ ಸಹಾಯಕರಾಗಿದ್ದರು. ಮರುವರ್ಷ ಸರ್ಕಾರಿ ನೌಕರಿಯನ್ನು ಬಿಟ್ಟು ಸ್ವತಂತ್ರವಾಗಿ ಶಿಲ್ಪ ವೃತ್ತಿಯನ್ನು ಆರಂಭಿಸಿದರು. ತಿಂಗಳ ಸಂಬಳವನ್ನು ಬಿಟ್ಟು ಸ್ವಂತ ಉದ್ಯೋಗಕ್ಕೆ ಇಳಿಯುವುದೆಂದರೆ ಏನೆಂಬುದು ನಮ್ಮ ಸದಸ್ಯರಲ್ಲಿ ಅನೇಕರಿಗೆ ಸ್ವಾನುಭವದಿಂದ ಗೊತ್ತು. ಆಗ ಅವರ ವಯಸ್ಸು ಮೂವತ್ತನಾಲ್ಕು.

ಅವರಿಗೆ ಮೊದಲು ಹೆಸರು ತಂದ ಕೃತಿ ಮಧ್ಯಪ್ರದೇಶದ ಗಾಂಧಿಸಾಗರ ಅಣೆಕಟ್ಟಿನ ಬಳಿಯ ಚಂಬಲ್ ಸ್ಮಾರಕ. 45 ಅಡಿ ಎತ್ತರದ ಕಾಂಕ್ರೀಟ್ ದಿಮ್ಮಿಯನ್ನು ನಿಲ್ಲಿಸಿ, ಅದನ್ನೇ ಕಲ್ಲಿನಂತೆ ಕಡೆದು ಮಾಡಿದ ಮೂರ್ತಿ ಅದು. ಚಂಬಲ್ ನದಿ ಇಲ್ಲಿ ತಾಯಿ. ಆ ನೀರನ್ನು ಹಂಚಿಕೊಂಡ ಮಧ್ಯಪ್ರದೇಶ ಮತ್ತು ರಾಜಸ್ಥಾನ ಅವಳ ಇಬ್ಬರು ಮಕ್ಕಳು. ನದಿ ನೀರಿನ ವಿಷಯದಲ್ಲಿ ದಶಕಗಟ್ಟಲೆ ನ್ಯಾಯಾಧಿಕರಣಗಳ ಬಾಗಿಲು ಕಾದಿರುವ ನಮ್ಮ ಜಿಲ್ಲೆಗಳವರಿಗೆ ಈ ಕಲ್ಪನೆ ಸ್ವಲ್ಪ ಅಸೂಯೆಯನ್ನೇ ಹುಟ್ಟಿಸೀತು. ಇದನ್ನು ಮೆಚ್ಚಿದ ಪ್ರಧಾನಿ ನೆಹರೂ ಅವರು ಭಾಕ್ರಾ ಅಣೆಕಟ್ಟಿನ ಕಾರ್ಮಿಕರ ಸ್ಮರಣೆಗಾಗಿ 50 ಅಡಿಯ ಕಂಚಿನ ಶಿಲ್ಪವೊಂದನ್ನು ಮಾಡಿಸಲು ಬಯಸಿದ್ದರು. ಮಾದರಿ ಸಿದ್ಧವಾದರೂ ಹಣದ ಅಭಾವದಿಂದ ಶಿಲ್ಪ ಆಗಲಿಲ್ಲ. ಸುತಾರರು ಮಾಡಿದ ಮಹಾಪುರುಷರ ಮೂರ್ತಿಗಳು ನೂರಾರು ಕಡೆ ನಿಂತಿವೆ; ಕಾರ್ಮಿಕನದು ಮಾತ್ರ ಮಾದರಿಯಾಗಿಯೇ ಉಳಿಯಿತು.

ಆಮೇಲಿನ ಆರು ದಶಕಗಳ ಕೆಲಸವನ್ನು ಪೂರ್ತಿಯಾಗಿ ವಿವರಿಸಲು ಇಲ್ಲಿ ಸ್ಥಳವಿಲ್ಲ. ಗಾಂಧೀಜಿಯ ಎದೆಮಟ್ಟದ ಪ್ರತಿಮೆಯ ಪ್ರತಿಗಳು ಭಾರತ ಸರ್ಕಾರದ ಕೊಡುಗೆಯಾಗಿ ರಷ್ಯಾ, ಇಂಗ್ಲೆಂಡ್, ಫ್ರಾನ್ಸ್, ಇಟಲಿ, ಮಲೇಷ್ಯಾ, ಅರ್ಜೆಂಟೀನಾ ಮೊದಲಾದ ದೇಶಗಳನ್ನು ತಲುಪಿದವು. ಸಂಸತ್ ಭವನದ ಆವರಣದಲ್ಲಿ 1993ರಲ್ಲಿ ಅನಾವರಣಗೊಂಡ, ಧ್ಯಾನಸ್ಥ ಗಾಂಧೀಜಿಯ 16 ಅಡಿಯ ಕಂಚಿನ ಪ್ರತಿಮೆ ಅವರದೇ. ಅಮೃತಸರದಲ್ಲಿ ಕುದುರೆಯೇರಿದ ಮಹಾರಾಜ ರಣಜಿತ್ ಸಿಂಹ, ಅಯೋಧ್ಯೆಯ ಲತಾ ಮಂಗೇಶ್ಕರ್ ವೃತ್ತದಲ್ಲಿ 2022ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿದ 40 ಅಡಿ ಉದ್ದದ, 14 ಟನ್ ತೂಕದ ವೀಣೆ ಇವೆಲ್ಲ ಅವರ ಕಾರ್ಯಾಗಾರದಿಂದ ಬಂದವು. 1999ರಲ್ಲಿ ಪದ್ಮಶ್ರೀ, 2016ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. ಪುತ್ರ ಅನಿಲ ಸುತಾರರು ತಂದೆಯೊಡನೆ ದುಡಿದು ಉದ್ಯಮವನ್ನು ಬೆಳೆಸಿದರು.

ಕರ್ನಾಟಕದಲ್ಲಿ ಸುತಾರರ ಕೈ

ಬೆಂಗಳೂರಿಗೆ ಹೋದವರು ವಿಧಾನಸೌಧ ಮತ್ತು ವಿಕಾಸಸೌಧಗಳ ನಡುವೆ ಕುಳಿತಿರುವ 27 ಅಡಿ ಎತ್ತರದ ಕಂಚಿನ ಗಾಂಧೀಜಿಯನ್ನು ಕಂಡಿರುತ್ತಾರೆ. ಅದು ಸುತಾರರ ಕೃತಿ. ಎರಡನೆಯದು ವಿಮಾನ ಏರುವವರೆಲ್ಲರಿಗೂ ಪರಿಚಿತವಾದ, ದೇವನಹಳ್ಳಿಯ ವಿಮಾನ ನಿಲ್ದಾಣದ ಆವರಣದಲ್ಲಿ 23 ಎಕರೆ ಉದ್ಯಾನದ ನಡುವೆ ನಿಂತಿರುವ ನಾಡಪ್ರಭು ಕೆಂಪೇಗೌಡರ ಪ್ರತಿಮೆ. 2020ರ ಜೂನ್ 27ರಂದು ಶಂಕುಸ್ಥಾಪನೆಗೊಂಡು, 2022ರ ನವೆಂಬರ್ 11ರಂದು ಪ್ರಧಾನಿಯವರಿಂದ ಅನಾವರಣಗೊಂಡ ಈ ಪ್ರತಿಮೆಗೆ ಇಟ್ಟ ಹೆಸರು ಸಮೃದ್ಧಿಯ ಪ್ರತಿಮೆ. ಎತ್ತರ 108 ಅಡಿ. ಬಳಸಿದ ಕಂಚು 98 ಟನ್, ಉಕ್ಕು 120 ಟನ್. ಕೈಯಲ್ಲಿರುವ ಖಡ್ಗವೊಂದೇ 4 ಟನ್. ಅದು 2022ರ ಮೇ ತಿಂಗಳಲ್ಲಿ ವಿಶೇಷ ಲಾರಿಯೊಂದರಲ್ಲಿ ದೆಹಲಿಯಿಂದ ದೇವನಹಳ್ಳಿಗೆ ಬಂದಿತು. ಪ್ರತಿಮೆ ಮತ್ತು ಉದ್ಯಾನಕ್ಕೆ ತಗುಲಿದ ವೆಚ್ಚ ಸುಮಾರು 84 ಕೋಟಿ ರೂಪಾಯಿಗಳೆಂದು ವರದಿಯಾಗಿತ್ತು.

ವರ್ತಕರಾದ ನಮಗೆ ಕೆಂಪೇಗೌಡರು ಪೇಟೆ ಕಟ್ಟಿಸಿದ ದೊರೆ. 1537ರಲ್ಲಿ ಅವರು ಕಟ್ಟಿದ ಊರಿನ ಕಸುಬಿಗೊಂದು ಪೇಟೆ, ಸರಕಿಗೊಂದು ಪೇಟೆ ಎಂಬ ವ್ಯವಸ್ಥೆ ಇಂದಿಗೂ ಬೀದಿಗಳ ಹೆಸರಿನಲ್ಲಿ ಉಳಿದಿದೆ. ಅವರ ಲೋಹದ ಪ್ರತಿಮೆ ಹೊಸ ಕಲ್ಪನೆಯೂ ಅಲ್ಲ. ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿ 1609ರಲ್ಲಿ ಅವರ ಲೋಹಮೂರ್ತಿಯೊಂದನ್ನು ಸ್ಥಾಪಿಸಲಾಗಿತ್ತು. 1964ರಲ್ಲಿ ಬೆಂಗಳೂರು ನಗರ ಪಾಲಿಕೆಯ ಕಚೇರಿಯ ಎದುರು ಇನ್ನೊಂದು ಪ್ರತಿಮೆ ಎದ್ದಿತು. ಶಿವಗಂಗೆಯದು ಗುಡಿಯೊಳಗಿನದು, ಮಳೆ ಗಾಳಿಗಳ ಭಯವಿಲ್ಲದ್ದು. ದೇವನಹಳ್ಳಿಯದು ಬಯಲಿನಲ್ಲಿದೆ. ಈ ವ್ಯತ್ಯಾಸವು ಮುಂದೆ ಬರುವ ಲೆಕ್ಕಕ್ಕೆ ಮುಖ್ಯವಾದುದು.

ತಕ್ಕಡಿಯ ಲೆಕ್ಕ

ಕಂಚಿನ ಮೂರ್ತಿಯನ್ನು ಕಲ್ಲಿನಂತೆ ಕಡೆಯುವುದಿಲ್ಲ, ಎರಕ ಹೊಯ್ಯುತ್ತಾರೆ. ಶಿಲ್ಪಿಯ ಕೈಚಳಕವೆಲ್ಲ ಮಣ್ಣಿನ ಮಾದರಿಯಲ್ಲಿ. ಅದು ಒಪ್ಪಿಗೆಯಾದ ಮೇಲೆ ಅದರ ಅಚ್ಚು ತೆಗೆದು, ಅಚ್ಚಿನೊಳಗೆ ತೆಳುವಾದ ಮೇಣದ ಪದರವನ್ನು ಮಾಡಿ, ಮೇಣದ ಒಳಗೂ ಹೊರಗೂ ಬೆಂಕಿಗೆ ತಾಳುವ ಮಣ್ಣನ್ನು ಮೆತ್ತಿ ಸುಡುತ್ತಾರೆ. ಮೇಣ ಕರಗಿ ಹರಿದು, ಖಾಲಿಯಾದ ಜಾಗಕ್ಕೆ ಕುದಿಯುವ ಕಂಚು ಇಳಿಯುತ್ತದೆ. ದೊಡ್ಡ ಮೂರ್ತಿಗಳನ್ನು ತುಂಡು ತುಂಡಾಗಿ ಎರೆದು, ಬೆಸುಗೆ ಹಾಕಿ, ಕೂಡಿಸಿದ ಗೆರೆ ಕಾಣದಂತೆ ಉಜ್ಜಿ, ಕೊನೆಗೆ ರಾಸಾಯನಿಕಗಳಿಂದ ಬಣ್ಣ ಬರಿಸುತ್ತಾರೆ. ತೀರ ದೊಡ್ಡ ಕೆಲಸಗಳಲ್ಲಿ ಮೇಣದ ಬದಲು ಮರಳಿನ ಅಚ್ಚುಗಳನ್ನೂ ಬಳಸುವುದುಂಟು.

ಈ ಮೇಣದ ವಿಧಾನವು ನಮ್ಮ ನೆಲಕ್ಕೆ ಪರಕೀಯವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸ ಗ್ರಂಥದಲ್ಲಿ ಇದರ ವಿವರವಿದೆ. ಮೇಣದ ಮೂರ್ತಿಯನ್ನು ಮೊದಲು ತೂಗಬೇಕು, ಆ ತೂಕಕ್ಕೆ ಇಷ್ಟು ಪಟ್ಟು ಲೋಹವನ್ನು ತೆಗೆದುಕೊಳ್ಳಬೇಕು ಎಂದು ಅಲ್ಲಿ ಹೇಳಲಾಗಿದೆ. ಕಂಚಿನ ಸಾಂದ್ರತೆಯು ಮೇಣದ ಸುಮಾರು ಒಂಬತ್ತು ಪಟ್ಟು. ಆದ್ದರಿಂದ ಮೇಣವನ್ನು ತಕ್ಕಡಿಗೆ ಹಾಕಿದವನಿಗೆ ಎಷ್ಟು ಲೋಹ ಬೇಕೆಂಬುದು ಕುಲುಮೆ ಹೊತ್ತಿಸುವ ಮೊದಲೇ ತಿಳಿಯುತ್ತಿತ್ತು. ಉಳಿಕೆ ಕಳವಾಗುವ ಸಂಭವವೂ ಕಡಿಮೆಯಾಗುತ್ತಿತ್ತು. ಒಂಬತ್ತು ನೂರು ವರ್ಷಗಳ ಹಿಂದಿನ ದೊರೆಗೆ ಹೊಳೆದ ಈ ತಕ್ಕಡಿಯು ನಮ್ಮ ಸಮಿತಿಗೆ ಹೊಳೆಯಲಿಲ್ಲವೆಂಬುದೇ ನನ್ನ ಸಂಕಟ.

ಈಗಿನ ಪ್ರತಿಮೆಗಳ ಕಂಚಿನಲ್ಲಿ ಸಾಮಾನ್ಯವಾಗಿ ಶೇ. 85 ತಾಮ್ರ, ಉಳಿದಂತೆ ತವರ, ಸತು ಮತ್ತು ಸೀಸ ತಲಾ ಶೇ. 5 ಇರುತ್ತವೆ. ಬೆಲೆಯನ್ನು ನಿರ್ಧರಿಸುವುದು ಮುಖ್ಯವಾಗಿ ತಾಮ್ರ ಮತ್ತು ತವರ. ತಾಮ್ರದ ಬದಲು ಸತುವಿನ ಪ್ರಮಾಣವನ್ನು ಹೆಚ್ಚಿಸಿದರೆ ಅದು ಹಿತ್ತಾಳೆಯತ್ತ ಸರಿಯುತ್ತದೆ, ಅಗ್ಗವಾಗುತ್ತದೆ. ಹೊಳಪು ನೋಡಿ ಗುರುತಿಸುವುದು ಸಾಮಾನ್ಯನಿಗೆ ಸಾಧ್ಯವಿಲ್ಲ. ಒಂದು ಸಣ್ಣ ತುಣುಕನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಘಟಕಗಳ ಪಟ್ಟಿ ಬರುತ್ತದೆ. ಅದಕ್ಕೆ ತಗಲುವ ಖರ್ಚು ಉದ್ಘಾಟನೆಯ ಹೂಮಾಲೆಗಳ ಖರ್ಚಿಗಿಂತ ಕಡಿಮೆ.

ಇನ್ನು ಎತ್ತರದ ಲೆಕ್ಕ. ಆಳೆತ್ತರದ, ಎಂದರೆ ಆರು ಅಡಿಯ ಟೊಳ್ಳು ಕಂಚಿನ ಮೂರ್ತಿ ಸುಮಾರು 150ರಿಂದ 250 ಕಿಲೋ ತೂಗುತ್ತದೆ. ಹನ್ನೆರಡು ಅಡಿ ಬೇಕೆಂದರೆ ಲೋಹವು ಎರಡು ಪಟ್ಟಾಗುವುದಿಲ್ಲ. ಮೂರ್ತಿಯ ಮೈಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ ಲೋಹವೂ ಕನಿಷ್ಠ ನಾಲ್ಕು ಪಟ್ಟು; ಗಟ್ಟಿತನಕ್ಕಾಗಿ ದಪ್ಪ ಹೆಚ್ಚಿಸಿದರೆ ಇನ್ನೂ ಹೆಚ್ಚು. ಇದೇ ಲೆಕ್ಕವನ್ನು ದೇವನಹಳ್ಳಿಗೆ ಅನ್ವಯಿಸಿ ನೋಡಿದೆ. 108 ಅಡಿ ಎಂದರೆ ಆರು ಅಡಿಯ ಹದಿನೆಂಟು ಪಟ್ಟು. ಮೈಯ ವಿಸ್ತೀರ್ಣ 324 ಪಟ್ಟು. 200 ಕಿಲೋವನ್ನು 324ರಿಂದ ಗುಣಿಸಿದರೆ ಸುಮಾರು 65 ಟನ್. ದಪ್ಪವನ್ನು ಹೆಚ್ಚಿಸಿ, ಖಡ್ಗ ಮತ್ತು ಉಡುಪಿನ ಮಡಿಕೆಗಳನ್ನು ಸೇರಿಸಿದರೆ 98 ಟನ್ ಎಂಬ ಅಂಕಿ ನಂಬತಕ್ಕದ್ದೇ. ಅಷ್ಟು ಕಂಚನ್ನು ಕರಗಿಸಿ ಒಂದೇ ಗಟ್ಟಿಯಾಗಿ ಎರೆದರೆ ಹನ್ನೊಂದು ಘನ ಮೀಟರಿನಷ್ಟಾಗುತ್ತದೆ. ಒಂದು ಸಣ್ಣ ಕೋಣೆಯೊಳಗೆ ಹಿಡಿಸುವಷ್ಟು. ಉಳಿದದ್ದೆಲ್ಲ ಗಾಳಿ ಮತ್ತು ಆ ಗಾಳಿಯನ್ನು ಸುತ್ತಿದ ತೆಳು ಚಿಪ್ಪು. ಅಂತಹ ಚಿಪ್ಪನ್ನು ಹಿಡಿದು ನಿಲ್ಲಿಸುವುದು ಒಳಗಿನ 120 ಟನ್ ಉಕ್ಕು. ಹೊರಗಿನಿಂದ ನೋಡುವವರಿಗೆ ಕಾಣುವ ಲೋಹಕ್ಕಿಂತ ಕಾಣದ ಲೋಹವೇ ಹೆಚ್ಚು.

ಗಾಳಿ ಮತ್ತು ತುಕ್ಕು

ನಮ್ಮ ಗಜೇಂದ್ರಗಡದ ಸುತ್ತಿನ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರಗಳನ್ನು ದಿನವೂ ನೋಡುವ ನಮಗೆ ಗಾಳಿಯ ಬಲವನ್ನು ಬಣ್ಣಿಸಬೇಕಾಗಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದು ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗುಜರಾತಿನ ಕೇವಡಿಯಾದಲ್ಲಿ 2018ರ ಅಕ್ಟೋಬರ್ 31ರಂದು ಅನಾವರಣಗೊಂಡ, ಸುತಾರರೇ ರೂಪಿಸಿದ 182 ಮೀಟರ್ ಎತ್ತರದ ಸರ್ದಾರ್ ಪಟೇಲರ ಏಕತಾ ಪ್ರತಿಮೆಯನ್ನು ಗಂಟೆಗೆ 180 ಕಿಲೋಮೀಟರ್ ವೇಗದ ಗಾಳಿಯನ್ನು ತಾಳುವಂತೆ ಕಟ್ಟಲಾಗಿದೆ. ತೂಗಾಟವನ್ನು ತಡೆಯಲು ಅದರೊಳಗೆ 250 ಟನ್ ತೂಕದ ಎರಡು ಭಾರಗಳನ್ನು ಅಳವಡಿಸಿದ್ದಾರೆ. ಶಿಲ್ಪಿಯು ಮೊದಲು 3 ಅಡಿ, ಬಳಿಕ 18 ಅಡಿ, ಆಮೇಲೆ 30 ಅಡಿ ಎತ್ತರದ ಮಾದರಿಗಳನ್ನು ಮಾಡಿದರು. ಅದನ್ನು ಗಣಕಯಂತ್ರದ ನೆರವಿನಿಂದ ಹಿಗ್ಗಿಸಿ 182 ಮೀಟರಿಗೆ ಒಯ್ಯಲಾಯಿತು. ಮುಖದ ಹೋಲಿಕೆಗಾಗಿ ಎರಡು ಸಾವಿರಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಪರಿಶೀಲಿಸಿದ್ದರೆಂದು ವರದಿಯಾಗಿತ್ತು.

ಆದರೆ ಆ ಪ್ರತಿಮೆಯ ಕಂಚಿನ ಹೊದಿಕೆ ಎರಕವಾದದ್ದು ಭಾರತದಲ್ಲಲ್ಲ. ಸುಮಾರು 1,700 ಟನ್ ಕಂಚಿನ ಫಲಕಗಳನ್ನು ಚೀನಾದ ಜಿಯಾಂಗ್‌ಷಿ ಪ್ರಾಂತದ ಎರಕಶಾಲೆಯೊಂದರಲ್ಲಿ ಮಾಡಿಸಲಾಯಿತು. ಅಷ್ಟು ದೊಡ್ಡ ಕೆಲಸವನ್ನು ಹಿಡಿಯುವ ಎರಕಶಾಲೆ ದೇಶದಲ್ಲಿ ಇರಲಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣ. ಒಟ್ಟು 2,989 ಕೋಟಿ ರೂಪಾಯಿಗಳ ಗುತ್ತಿಗೆಯಲ್ಲಿ ಚೀನಾಕ್ಕೆ ಹೋದ ಪಾಲು ಶೇ. 9ಕ್ಕಿಂತ ಕಡಿಮೆಯೆಂದು ಗುತ್ತಿಗೆದಾರರಾದ ಎಲ್ ಅಂಡ್ ಟಿ ಸಂಸ್ಥೆಯವರು ತಿಳಿಸಿದ್ದರು. ಪಾಲು ಸಣ್ಣದಿರಬಹುದು, ಆದರೆ ಜನ ನೋಡುವುದು ಆ ಪಾಲನ್ನೇ. ಬೆಳಗಾವಿಯ ಉದ್ಯಮಬಾಗದಲ್ಲಿ ಪಂಪು, ವಾಲ್ವು, ವಾಹನಗಳ ಬಿಡಿಭಾಗಗಳನ್ನು ಎರೆಯುವ ಎರಕಶಾಲೆಗಳ ಸಾಲೇ ಇದೆ. ಅವು ಮುಖ್ಯವಾಗಿ ಕಬ್ಬಿಣವನ್ನು ಎರೆಯುವಂತಹವು. ಕಂಚಿನ ಕಲಾಎರಕಕ್ಕೆ ಬೇರೆ ಕೈಗಳು, ಬೇರೆ ತಾಳ್ಮೆ ಬೇಕು. ಆದರೂ ಅಚ್ಚು, ಕುಲುಮೆ, ಬೆಸುಗೆ, ಲೋಹಪರೀಕ್ಷೆಯ ತಿಳಿವಳಿಕೆ ಇರುವಲ್ಲಿ ಒಬ್ಬ ಒಳ್ಳೆಯ ಶಿಲ್ಪಿ ಮತ್ತು ಹತ್ತು ಮಂದಿ ಪಳಗಿದ ಕೆಲಸಗಾರರು ಬಂದು ಸೇರಿದರೆ, ಕರ್ನಾಟಕದ ಪ್ರತಿಮೆಗಳ ಬಿಡಿಭಾಗಗಳು ಎರಡು ಸಾವಿರ ಕಿಲೋಮೀಟರ್ ಲಾರಿಯಲ್ಲಿ ಬರಬೇಕಾದ ಅಗತ್ಯವೇನು ಎಂಬ ಪ್ರಶ್ನೆಯನ್ನು ನಮ್ಮ ಉದ್ಯಮಿಗಳ ಮುಂದೆ ಇಡುತ್ತಿದ್ದೇನೆ.

ಗಾಳಿಗಿಂತ ನಿಧಾನವಾಗಿ ಕೆಲಸ ಮಾಡುವ ಶತ್ರು ತುಕ್ಕು. ಕಂಚು ಸ್ವತಃ ಹಾಳಾಗುವುದು ಬಹಳ ನಿಧಾನ. ಆದರೆ ಅದಕ್ಕೆ ತಾಗಿಕೊಂಡ ಸಾದಾ ಕಬ್ಬಿಣವು ತೇವವಿದ್ದಲ್ಲಿ ಎಂದಿಗಿಂತ ಬೇಗ ಸವೆಯುತ್ತದೆ. ಎರಡು ಭಿನ್ನ ಲೋಹಗಳು ನೀರಿನಲ್ಲಿ ಕೂಡಿದಾಗ ವಿದ್ಯುತ್ಕೋಶದಂತೆ ವರ್ತಿಸುವುದೇ ಇದಕ್ಕೆ ಕಾರಣ. ನ್ಯೂಯಾರ್ಕಿನಲ್ಲಿ 1886ರಲ್ಲಿ ನಿಂತ ಸ್ವಾತಂತ್ರ್ಯ ದೇವಿಯ ತಾಮ್ರದ ಮೈಯನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಗಳು ನೂರು ವರ್ಷ ತುಂಬುವಷ್ಟರಲ್ಲಿ ಹಾಳಾಗಿದ್ದವು. 1984ರಿಂದ 1986ರವರೆಗಿನ ದುರಸ್ತಿಯಲ್ಲಿ ಅವುಗಳನ್ನು ತೆಗೆದು ತುಕ್ಕು ಹಿಡಿಯದ ಉಕ್ಕಿನ ಪಟ್ಟಿಗಳನ್ನು ಹಾಕಬೇಕಾಯಿತು.

ಅಲ್ಲಿ ನೂರು ವರ್ಷ ಹಿಡಿದದ್ದು ನಮ್ಮ ನೆರೆಯಲ್ಲಿ ಒಂಬತ್ತು ತಿಂಗಳೂ ಹಿಡಿಯಲಿಲ್ಲ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಮಾಲವಣದ ರಾಜಕೋಟ ಕೋಟೆಯಲ್ಲಿ 2023ರ ಡಿಸೆಂಬರ್ 4ರಂದು ನೌಕಾದಿನದ ಅಂಗವಾಗಿ ಅನಾವರಣಗೊಂಡಿದ್ದ ಛತ್ರಪತಿ ಶಿವಾಜಿ ಮಹಾರಾಜರ 35 ಅಡಿಯ ಪ್ರತಿಮೆಯು 2024ರ ಆಗಸ್ಟ್ 26ರಂದು ಕುಸಿದು ಬಿದ್ದಿತು. ಬೀಳುವ ಕೆಲದಿನಗಳ ಮೊದಲೇ ಅದರ ನಟ್ಟು ಬೋಲ್ಟುಗಳು ತುಕ್ಕು ಹಿಡಿದಿವೆಯೆಂದು ಲೋಕೋಪಯೋಗಿ ಇಲಾಖೆಯು ಎಚ್ಚರಿಸಿದ್ದು ಆಮೇಲೆ ಬೆಳಕಿಗೆ ಬಂದಿತು. ಒಳಗಿನ ಚೌಕಟ್ಟಿನ ದೌರ್ಬಲ್ಯ ಮತ್ತು ಬೆಸುಗೆಯ ದೋಷಗಳ ಕಡೆಗೆ ತನಿಖೆಯು ಬೆರಳು ಮಾಡಿತು. ಕೋಟ್ಯಂತರ ಜನರ ಮನಸ್ಸು ನೋಯಿತು, ಬಂಧನಗಳಾದವು, ಪ್ರಧಾನಿಯವರೇ ಕ್ಷಮೆ ಕೋರಿದರು.

ಹೊಸ ಪ್ರತಿಮೆಯ ಕೆಲಸ ಬಂದದ್ದು ಸುತಾರರ ಸಂಸ್ಥೆಗೆ. ಆಗ ಅವರಿಗೆ ತೊಂಬತ್ತೊಂಬತ್ತು ವರ್ಷ. ಕಂಚು ಮತ್ತು ತುಕ್ಕು ಹಿಡಿಯದ ಉಕ್ಕಿನಲ್ಲಿ ಮಾಡಿದ, ಸುಮಾರು 60 ಅಡಿ ಎತ್ತರದ, ಖಡ್ಗ ಸೇರಿಸಿದರೆ ಇನ್ನೂ ಎತ್ತರವಾಗುವ ಹೊಸ ಪ್ರತಿಮೆಯನ್ನು 2025ರ ಮೇ 11ರಂದು ಅನಾವರಣಗೊಳಿಸಲಾಯಿತು. ವೆಚ್ಚ 31 ಕೋಟಿ ರೂಪಾಯಿಗಳಿಗೂ ಅಧಿಕ. ನೂರು ವರ್ಷ ಬಾಳಬೇಕು, ಹತ್ತು ವರ್ಷ ನಿರ್ವಹಣೆಯ ಹೊಣೆ ಮಾಡಿದವರದೇ ಆಗಬೇಕು ಎಂಬ ನಿಬಂಧನೆಗಳಿದ್ದುದಾಗಿ ವರದಿಯಾಯಿತು. ಮೊದಲ ಸಲವೇ ಈ ಎರಡು ಸಾಲುಗಳನ್ನು ಕರಾರಿನಲ್ಲಿ ಬರೆದಿದ್ದರೆ ಎಂದು ಯಾವ ವರ್ತಕನಿಗೂ ಅನ್ನಿಸದಿರದು.

ಕಿಲೋ ಲೆಕ್ಕದಲ್ಲಿ ಕಲೆ

ಸುತಾರರ ಕೃತಿಗಳ ಬಗ್ಗೆ ಭಿನ್ನಾಭಿಪ್ರಾಯಗಳಿಲ್ಲವೆಂದಲ್ಲ. ಇಷ್ಟು ಎತ್ತರ ಬೇಕೆ, ಆ ಹಣದಲ್ಲಿ ಶಾಲೆ ಆಸ್ಪತ್ರೆಗಳಾಗುತ್ತಿರಲಿಲ್ಲವೆ ಎಂಬ ಪ್ರಶ್ನೆಯು ಪ್ರತಿ ಅನಾವರಣದ ಸಂದರ್ಭದಲ್ಲಿಯೂ ಏಳುತ್ತದೆ, ಏಳಬೇಕಾದ ಪ್ರಶ್ನೆಯೇ. ನನ್ನ ಅಭಿಪ್ರಾಯದಲ್ಲಿ ಅವರ ಶ್ರೇಷ್ಠ ಕೃತಿಗಳು ಅತಿ ಎತ್ತರದವುಗಳಲ್ಲ. ಕಣ್ಣು ಮುಚ್ಚಿ ಕುಳಿತ ಗಾಂಧೀಜಿಯ ಬೆನ್ನಿನ ಬಾಗು, ಚಂಬಲ್ ತಾಯಿಯ ನಿಲುವು ಇವುಗಳಲ್ಲಿ ಇರುವುದು 182 ಮೀಟರಿನಲ್ಲಿ ಕಾಣಸಿಗುವುದಿಲ್ಲ. ಅಷ್ಟು ಎತ್ತರದಲ್ಲಿ ಶಿಲ್ಪಿಗಿಂತ ಇಂಜಿನಿಯರನ ಕೈಯೇ ಮೇಲು.

ಆದರೆ ಎತ್ತರ ಎಷ್ಟೇ ಇರಲಿ, ಕೆಲಸದ ಕ್ರಮವನ್ನು ಅವರು ಬಿಡಲಿಲ್ಲ. ಮೊದಲು ಮಣ್ಣು, ಮೊದಲು ಮುಖ. ನಮ್ಮ ಊರುಗಳ ಪುತ್ಥಳಿ ವ್ಯವಹಾರದಲ್ಲಿ ಇಲ್ಲದಿರುವುದು ಇದೇ. ದರಪಟ್ಟಿಯಲ್ಲಿ ಎತ್ತರ ಇರುತ್ತದೆ, ಮೊತ್ತ ಇರುತ್ತದೆ, ಕೆಲವು ಸಲ ಕಿಲೋಗೆ ಇಷ್ಟು ಎಂಬ ದರವೂ ಇರುತ್ತದೆ. ಶಿಲ್ಪಿಯ ಸಂಭಾವನೆಗೆ ಬೇರೆ ಸಾಲು ಇರುವುದಿಲ್ಲ. ಪರಿಣಾಮವಾಗಿ, ಈ ಹಿಂದೆ ಯಾರಿಗೋ ತೆಗೆದ ಅಚ್ಚಿನಲ್ಲಿಯೇ ಇನ್ನೊಂದು ಪ್ರತಿ ಎರೆದು ಕೊಡುವವನು ಕಡಿಮೆ ದರ ಹಾಕುತ್ತಾನೆ. ಹೊಸದಾಗಿ ಮಣ್ಣು ಕಲಸುವವನು ಸೋಲುತ್ತಾನೆ. ಹತ್ತು ಊರುಗಳ ಬಸವಣ್ಣನವರಿಗೆ ಒಂದೇ ಮುಖ, ಒಂದೇ ಕುದುರೆ ಇರುವುದರ ಗುಟ್ಟು ಇಲ್ಲಿದೆ. ಮುಖ ತಪ್ಪಿದ್ದರೆ ಎಲ್ಲ ಕಡೆಯೂ ತಪ್ಪು.

ನಮ್ಮ ಹಿರಿಯರು ಹೀಗೆ ಕೊಳ್ಳುತ್ತಿರಲಿಲ್ಲ. ಐಹೊಳೆಯ ಐನೂರ್ವರೆಂಬ ವರ್ತಕ ಸಂಘವು ದೇವಾಲಯಗಳಿಗೆ ಕೊಟ್ಟ ದಾನಗಳನ್ನು ಶಾಸನಗಳು ವಿವರವಾಗಿ ದಾಖಲಿಸಿವೆ. ಯಾವ ಸರಕಿನ ಮೇಲೆ ಎಷ್ಟು, ಯಾವ ಕಾರ್ಯಕ್ಕೆ ಎಷ್ಟು ಎಂಬುದು ಕಲ್ಲಿನ ಮೇಲಿದೆ. ಐಹೊಳೆ ನಮ್ಮ ರೋಣ ತಾಲ್ಲೂಕಿನಿಂದ ದೂರವಲ್ಲ. ಇತ್ತ ಸೂಡಿಯಲ್ಲಿ, ಲಕ್ಕುಂಡಿಯಲ್ಲಿ ನಿಂತಿರುವ ಚಾಲುಕ್ಯರ ಗುಡಿಗಳನ್ನು ನೋಡಿದರೆ, ಹಣ ಕೊಟ್ಟವರು ಕೆಲಸವನ್ನೂ ನೋಡಿದ್ದರೆಂಬುದರಲ್ಲಿ ಸಂಶಯ ಬಾರದು.

ಪುರ್ತಗೇರಿಯ ಹಿರಿಯರು ಒಂದು ವಾರದ ನಂತರ ಮತ್ತೆ ಬಂದಾಗ ಈ ಲೆಕ್ಕಗಳನ್ನೆಲ್ಲ ಅವರ ಮುಂದಿಟ್ಟೆ. ಹದಿನೈದು ಅಡಿಯ ಆಸೆಯನ್ನು ಬಿಡುವುದು ಅವರಿಗೆ ಸುಲಭವಾಗಲಿಲ್ಲ. ಪಕ್ಕದ ಊರಿನದು ಹನ್ನೆರಡು ಅಡಿ ಇರುವಾಗ ನಮ್ಮದು ಆರೇ ಅಡಿಯೆ ಎಂದು ಒಬ್ಬರು ಕೇಳಿದರು. ಇನ್ನೊಬ್ಬರು, ನಿವೃತ್ತ ಶಿಕ್ಷಕರು, ಕಟ್ಟೆಯನ್ನು ಎತ್ತರಿಸಿದರಾಯಿತು, ಬಸವಣ್ಣ ಆಳೆತ್ತರವೇ ಇರಲಿ ಎಂದರು. ಮಾತು ಒಂದು ತಾಸು ನಡೆಯಿತು. ಕೊನೆಗೆ ಆರು ಅಡಿಯ ಕಂಚಿನ ಮೂರ್ತಿಯೇ ನಿಶ್ಚಯವಾಯಿತು.

ಕರಾರಿನ ಕರಡನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಮಿಶ್ರಲೋಹದ ಘಟಕಗಳು, ಚಿಪ್ಪಿನ ಕನಿಷ್ಠ ದಪ್ಪ, ಒಳಗಿನ ಚೌಕಟ್ಟಿಗೆ ತುಕ್ಕು ಹಿಡಿಯದ ಉಕ್ಕು, ನೀರು ಒಳಗೆ ನಿಲ್ಲದಂತೆ ಕೆಳಗೆ ರಂಧ್ರ, ಪ್ರಯೋಗಾಲಯದ ವರದಿ, ಹತ್ತು ವರ್ಷದ ನಿರ್ವಹಣೆ, ಶಿಲ್ಪಿಯ ಸಂಭಾವನೆಗೆ ಪ್ರತ್ಯೇಕ ಮೊತ್ತ ಎಂದು ಬರೆದೆ. ತಾಮ್ರದ ಬೆಲೆ ಲಂಡನ್ ಪೇಟೆಯ ಏರಿಳಿತಕ್ಕೆ ಸಿಕ್ಕುವುದರಿಂದ, ಲೋಹದ ಹಣವನ್ನು ಎರಕದ ದಿನದ ದರದಂತೆ ಪಾವತಿಸುವುದೆಂದು ಸೇರಿಸಿದೆ. ಇಲ್ಲದಿದ್ದರೆ ಬೆಲೆ ಏರಿದಾಗ ಕಡಿಮೆಯಾಗುವುದು ಚಿಪ್ಪಿನ ದಪ್ಪ. ಶಿಕ್ಷಕರು ಓದಿ ನೋಡಿ ಎರಡು ಸಾಲು ಸೇರಿಸಿದರು: ಮಣ್ಣಿನ ಮಾದರಿಯನ್ನು ಊರಿನವರು ಕಣ್ಣಾರೆ ನೋಡಿ ಒಪ್ಪಿದ ಮೇಲೆಯೇ ಅಚ್ಚು ತೆಗೆಯತಕ್ಕದ್ದು, ಮೂರ್ತಿಯನ್ನು ಊರೊಳಗೆ ತರುವ ಮೊದಲು ಗಜೇಂದ್ರಗಡದ ವೇ ಬ್ರಿಜ್ಜಿನ ಮೇಲೆ ಲಾರಿ ಸಮೇತ ತೂಗತಕ್ಕದ್ದು, ಇಳಿಸಿದ ಬಳಿಕ ಖಾಲಿ ಲಾರಿಯನ್ನು ಮತ್ತೊಮ್ಮೆ ತೂಗಿ ಎರಡೂ ಚೀಟಿಗಳನ್ನು ಕಡತಕ್ಕೆ ಹಚ್ಚತಕ್ಕದ್ದು.